ದೀರ್ಘದ ಕೆಳಗಿನ ತೊಟ್ಟಿಲು

ಧಣಿಗಳ ಹೆಸರು ಉದ್ದ, ಮನೆಗಳು ಕಡಿಮೆ. ರಗಳೆಯೆಲ್ಲ ಶುರುವಾಗಿದ್ದು ಅಲ್ಲಿಂದ.

ಗುಡ್ಡದ ಮೇಲೆ ಧಣಿಗಳ ಹೋಟೆಲು. ಗುಡ್ಡದ ಬುಡದಲ್ಲಿ, ದೋಣಿ ನಿಲ್ಲುವ ಕಟ್ಟೆಗೆ ಅಂಟಿಕೊಂಡು, ಮೀನು ಹೊರುವವರ, ಐಸು ಒಡೆಯುವವರ ಕೇರಿ. ಹೋಟೆಲಿನ ತಾರಸಿಯಲ್ಲಿ ಕಾಲು ಚಾಚಿ ಕೂತವರಿಗೆ ಸಮುದ್ರ ಕಾಣಬೇಕು. ಕಾಣುತ್ತಿತ್ತು. ಆದರೆ ಸಮುದ್ರಕ್ಕಿಂತ ಮೊದಲು ಕೇರಿ ಕಾಣುತ್ತಿತ್ತು. ಹರಿದ ಪ್ಲಾಸ್ಟಿಕ್ಕು, ಅದು ಹಾರದ ಹಾಗೆ ಮೇಲಿಟ್ಟ ಹಳೇ ಟೈರು, ಉಪ್ಪುಗಾಳಿ ತಿಂದು ಜರಡಿಯಾದ ತಗಡು. ಅಷ್ಟೊಂದು ಬಾಡಿಗೆ ಕೊಟ್ಟು ಕೋಣೆ ಹಿಡಿದವರಿಗೆ ಇದನ್ನೆಲ್ಲ ನೋಡುವ ಕರ್ಮ ಯಾಕೆ? ಅತಿಥಿಗಳು ಮುಖ ಸಿಂಡರಿಸಿದರು. ಕೆಲವರು ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡರು.

ಕೊನೆಗೆ ಧಣಿಗಳಿಗೆ ಕನಿಕರ ಬಂತು. ಅತಿಥಿಗಳ ಮೇಲೆ. ಕೇರಿಗೆ ಹೊಸ ತಗಡಿನ ಸೂರು ಹಾಕಿಸಿಕೊಡುತ್ತೇನೆ ಎಂದರು. ಕೇರಿಗೆ ಅಂದರೆ ಮುಂದಿನ ಸಾಲಿಗೆ. ಹಿಂದಿನ ಸಾಲುಗಳು ಗುಡ್ಡದ ಮರೆಯಲ್ಲಿವೆ, ತಾರಸಿಯಿಂದ ಕಾಣುವುದಿಲ್ಲ. ಕಾಣದ ಮನೆ ಸೋರಿದರೆ ಯಾರ ಗಂಟು ಹೋಗುತ್ತದೆ?

ಸೂರಿನ ಮೇಲೆ ಧಣಿಗಳ ಹೆಸರು ಬರಬೇಕು, ತಾರಸಿಯಿಂದ ಓದುವಷ್ಟು ದೊಡ್ಡದಾಗಿ, ಒಂದು ಮನೆಗೆ ಒಂದು ಅಕ್ಷರದಂತೆ ಎಂದು ತೀರ್ಮಾನವಾಯಿತು. ಹೋಟೆಲಿನ ಮ್ಯಾನೇಜರ್ ತಾರಸಿಯಲ್ಲಿ ನಿಂತು ಬೆರಳು ಮಡಚಿದ. ಧಣಿಗಳ ಹೆಸರಿಗೆ ಮುಂದೆ ಮನೆತನ, ಹಿಂದೆ ಅಪ್ಪನ ಹೆಸರು, ಬಾಲಕ್ಕೆ ಎರಡು ಬಿರುದು. ಮನೆತನ ಮುಗಿಯುವ ಮೊದಲೇ ಮನೆಗಳು ಮುಗಿದು ಸಮುದ್ರ ಶುರುವಾಗುತ್ತಿತ್ತು. ಆಗ ಬೋರ್ಡು ಬರೆಯುವ ಬಣ್ಣದವನು ದಾರಿ ತೋರಿಸಿದ. ಹೆಸರು ಯಾಕೆ, ‘ಮಹಾದಾನಿ’ ಅಂತ ಬರೆದರಾಯಿತಲ್ಲ, ಯಾರು ಅಂತ ಲೋಕಕ್ಕೇ ಗೊತ್ತಿದೆ ಎಂದ. ಧಣಿಗಳು ಮೊದಲು ನಾಚಿಕೊಂಡರಂತೆ. ಆಮೇಲೆ ಅಕ್ಷರ ಇನ್ನೂ ಸ್ವಲ್ಪ ದಪ್ಪಗಿರಲಿ ಎಂದರಂತೆ.

ನಾಲ್ಕು ಅಕ್ಷರಕ್ಕೆ ನಾಲ್ಕು ಮನೆ. ಆದರೆ ಮುಂದಿನ ಸಾಲಿನಲ್ಲಿದ್ದದ್ದು ಐದು ಮನೆ. ‘ದಾ’ ಬರುವ ಮನೆಗೂ ‘ನಿ’ ಬರುವ ಮನೆಗೂ ನಡುವೆ ಒಂದು ಗುಡಿಸಲು ಸಿಕ್ಕಿಕೊಂಡಿತ್ತು. ಅದು ಐಸಕ್ಕನದು.

ಐಸಕ್ಕ ಐಸಿನ ಕಾರ್ಖಾನೆಯಲ್ಲಿ ದುಡಿಯುವವಳು. ಐಸಿನ ದಿಮ್ಮಿಗೆ ಕೊಕ್ಕೆ ಹಾಕಿ ಎಳೆಯಬೇಕು. ಒಡೆಯಬೇಕು. ಪುಡಿಯನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಅಲುಗಾಡುವ ಹಲಗೆಯ ಮೇಲೆ ನಡೆದು ದೋಣಿಯ ಹೊಟ್ಟೆಗೆ ಸುರಿಯಬೇಕು. ಬುಟ್ಟಿಯ ನೀರು ನೆತ್ತಿಗೆ, ನೆತ್ತಿಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯುತ್ತದೆ. ಸಂಜೆಗೆ ಬೆರಳು ಮಡಚುವುದಿಲ್ಲ, ತುತ್ತು ಎತ್ತಲೂ ಆಗುವುದಿಲ್ಲ. ಹಗಲೆಲ್ಲ ಐಸಿನ ನೀರಲ್ಲಿ ನೆಂದು ಮನೆಗೆ ಬಂದರೆ ಅಲ್ಲಿ ಮಳೆ ನೀರು ಕಾದಿರುತ್ತಿತ್ತು. ಗಂಡ ಸತ್ತ ಮೇಲೆ ಸೂರಿಗೆ ಕೈ ಹಾಕುವವರಿರಲಿಲ್ಲ. ಅವಳ ತಲೆ ಪೂರ್ತಿ ಒಣಗಿದ್ದನ್ನು ಮಗಳು ನೋಡಿದ್ದು ಬೇಸಿಗೆಯಲ್ಲಿ ಮಾತ್ರ.

ಆ ಮಗಳು ಈಗ ಬಸುರಿ. ಗಂಡ ಸೂರಿಗೆ ತಗಡು ಕೂರಿಸುವವನು, ಕೂಲಿಯವರ ಶೆಡ್ಡಿನಲ್ಲಿ ಹತ್ತಾರು ಗಂಡಸರ ಜೊತೆ ಮಲಗುವವನು. ಬಾಣಂತನಕ್ಕೆ ತಾಯಿಯ ಗುಡಿಸಲು ಬಿಟ್ಟರೆ ಗತಿಯಿಲ್ಲ. ದಿನ ತುಂಬುವುದು ನಟ್ಟನಡು ಮಳೆಗಾಲದಲ್ಲಿ. ಐಸಕ್ಕನಿಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ, ಒಂದು ಬಟ್ಟೆಯ ತೊಟ್ಟಿಲು ಕಟ್ಟುವಷ್ಟು ಒಣ ಜಾಗ. ತಾನು ನೆಂದೇ ಹುಟ್ಟಿದವಳು, ನೆಂದೇ ಸಾಯುವವಳು, ಅದಕ್ಕೆ ಅವಳ ತಕರಾರಿರಲಿಲ್ಲ. ಮೊಮ್ಮಗು ಮಾತ್ರ ನೆನೆಯಬಾರದು.

ತಗಡು ಆರಿಸಲು ಸಭೆ ಕರೆದರು. ಹೌದು, ಆಯ್ಕೆ ನಿಮ್ಮದೇ ಎಂದರು. ಮೀನಿನ ಹರಾಜು ಕಟ್ಟೆಯಲ್ಲಿ ಕುರ್ಚಿ ಹಾಕಿ ಮ್ಯಾನೇಜರ್ ಕೂತ. ಕೇರಿಯವರು ಒದ್ದೆ ನೆಲದಲ್ಲಿ ಕೂತರು. ಒಬ್ಬ ಮುದುಕ ಎದ್ದು, ದಪ್ಪ ಶೀಟು ಕೊಡಿಸಿ, ಇಲ್ಲಿ ಉಪ್ಪುಗಾಳಿಗೆ ತೆಳುವಾದದ್ದು ಬಾಳುವುದಿಲ್ಲ ಎಂದ. ಇನ್ನೊಬ್ಬಳು ತುಕ್ಕು ಹಿಡಿಯದ ಸ್ಕ್ರೂ ಹಾಕಿಸಿ ಎಂದಳು. ಮತ್ತೊಬ್ಬ ಸೂರಿನ ಇಳಿಜಾರು ಜಾಸ್ತಿ ಇರಲಿ, ನೀರು ನಿಲ್ಲಬಾರದು ಎಂದ. ಮ್ಯಾನೇಜರ್ ಎಲ್ಲಕ್ಕೂ ತಲೆಯಾಡಿಸಿದ. ಆಮೇಲೆ, ಅದೆಲ್ಲ ನಾವು ನೋಡಿಕೊಳ್ಳುತ್ತೇವೆ, ನೀವು ಬಣ್ಣ ಯಾವುದು ಬೇಕು ಹೇಳಿ ಎಂದ. ಜನ ಮುಖ ಮುಖ ನೋಡಿಕೊಂಡು ನೀಲಿ ಎಂದರು. ಕೈ ಎತ್ತಿಸಿದರು, ಫೋಟೋ ಹಿಡಿದರು, ಚಪ್ಪಾಳೆ ಹೊಡೆಸಿದರು. ಕೊನೆಗೆ ಕೆಂಪು ಶೀಟು ಬಂತು. ನೀಲಿ ಆದರೆ ಸಮುದ್ರದ ಜೊತೆ ಕಲಸಿಹೋಗುತ್ತದೆ, ಬಿಳಿ ಅಕ್ಷರ ಎದ್ದು ಕಾಣುವುದು ಕೆಂಪಿನ ಮೇಲೆ ಎಂದು ಬಣ್ಣದವನು ಹೇಳಿದ್ದನಂತೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ತೆಳು ಶೀಟು. ಆಯ್ಕೆ ಕೇರಿಯವರದೇ.

ಸಭೆ ಮುಗಿದ ಮೇಲೆ ಐಸಕ್ಕ ಮ್ಯಾನೇಜರನ ಮುಂದೆ ನಿಂತಳು. ತನ್ನ ಮನೆಯ ಅಳತೆ ತೆಗೆದಿಲ್ಲವಲ್ಲ ಎಂದು ಕೇಳಿದಳು.

“ನಿನಗೆ ಅಕ್ಷರ ಇಲ್ಲ ಕಣಮ್ಮ,” ಎಂದ ಮ್ಯಾನೇಜರ್.

“ಗೊತ್ತು ಸಾರ್, ನಾನು ಶಾಲೆಗೆ ಹೋದವಳಲ್ಲ.”

“ಅದಲ್ಲ. ನಿನ್ನ ಮನೆಗೆ ಅಕ್ಷರ ಇಲ್ಲ. ನೀನು ನಡುವಿನ ಖಾಲಿ ಜಾಗ.”

ಖಾಲಿ ಜಾಗ ಕೆಟ್ಟದಾಗಿ ಕಾಣಬಾರದೆಂದು ಅವಳ ಗುಡಿಸಲಿನ ಮುಂದೆ ಕುಂಡದಲ್ಲಿ ಎತ್ತರದ ಗಿಡಗಳನ್ನು ಇಟ್ಟು ಮರೆ ಮಾಡುತ್ತೇವೆ, ನೀರು ಹಾಕುವ ಕೆಲಸ ನಿನ್ನದು ಎಂದೂ ಹೇಳಿದ. ಐಸಕ್ಕ ತಲೆ ಬಗ್ಗಿಸಿಕೊಂಡು ಬಂದಳು. ನೀರಿಗೇನು, ಅವಳ ಮನೆಯಲ್ಲಿ ನೀರಿಗೆ ಬರವಿರಲಿಲ್ಲ.

ಅವಳನ್ನು ಕಾಪಾಡಿದ್ದು ಬಣ್ಣದವನ ಕೈ. ಹೋಟೆಲಿನ ಅಂಗಳದಲ್ಲಿ ಶೀಟುಗಳನ್ನು ಜೋಡಿಸಿಟ್ಟು ಅವನು ಅಕ್ಷರ ಬರೆದ. ‘ಮ’ ಚೆನ್ನಾಗಿ ಬಂತು. ‘ಹಾ’ ಹೇಗೋ ಹಿಡಿಸಿತು. ಆದರೆ ದಪ್ಪಗಿರಲಿ ಎಂದಿದ್ದರಲ್ಲ, ‘ದಾ’ ಬರೆಯುವಷ್ಟರಲ್ಲಿ ಅವನ ಅಂದಾಜು ಕೆಟ್ಟಿತ್ತು. ‘ದ’ ಒಂದೇ ಇಡೀ ಸೂರನ್ನು ನುಂಗಿತು, ದೀರ್ಘಕ್ಕೆ ಜಾಗವೇ ಉಳಿಯಲಿಲ್ಲ. ಒರೆಸಿ ಬರೆಯಲು ಬಣ್ಣ ಮುಗಿಯುತ್ತ ಬಂದಿತ್ತು. ಮ್ಯಾನೇಜರ್ ತಲೆ ಕೆರೆದುಕೊಂಡ. ಕೊನೆಗೆ ಹೊಸದಾಗಿ ಕೆಲವು ಶೀಟು ತರಿಸಿ, ಉಳಿದ ಬಣ್ಣದಲ್ಲಿ ಒಂದು ಸಣಕಲು ದೀರ್ಘ ಎಳೆಸಿದ. ಆ ದೀರ್ಘ ಹೋಗಿ ಕೂರಬೇಕಾದದ್ದು ಪಕ್ಕದ ಸೂರಿನ ಮೇಲೆ. ಹೀಗೆ, ಗಂಡನಿಂದ ಆಗದ್ದು, ದೇವರಿಂದ ಆಗದ್ದು ಒಂದು ದೀರ್ಘದಿಂದ ಆಯಿತು. ಐಸಕ್ಕನಿಗೂ ತಗಡಿನ ಸೂರು ಬಂತು.

ಅಂದಿನಿಂದ ಕೇರಿಯವರು ಅವಳನ್ನು ದೀರ್ಘ ಎಂದೇ ಕರೆಯತೊಡಗಿದರು. ಇದನ್ನು ಶುರು ಮಾಡಿದವಳು ‘ನಿ’ ಮನೆಯವಳು, ಐಸಕ್ಕನ ವಾರಗಿತ್ತಿ. ಸತ್ತ ಗಂಡನ ಅಣ್ಣನ ಹೆಂಡತಿ. ಇಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಸೂರು ಬಂದ ಮೇಲಂತೂ ವಾರಗಿತ್ತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನದು ಪೂರ್ತಿ ಅಕ್ಷರ, ಮೇಲೆ ಗುಡಿಸು ಬೇರೆ ಇದೆ, ನಿನ್ನದು ಬರೀ ಬಾಲ ಎಂದು ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿದಳು. ಗುಡಿಸಲಿಗೆ ಗುಡಿಸು ಬಂದ ಭಾಗ್ಯಕ್ಕೆ ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು.

ಸೂರು ಕೂರಿಸುವ ಕೆಲಸ ಐಸಕ್ಕನ ಅಳಿಯನಿಗೇ ಸಿಕ್ಕಿತ್ತು. ಕೆಲಸದಲ್ಲಿ ಅವನು ಕೆಟ್ಟವನಲ್ಲ, ಬಾಯಿ ಮಾತ್ರ ಇಲ್ಲ. ಐಸಕ್ಕ ಕೆಳಗೆ ನಿಂತು ನೋಡುತ್ತಿದ್ದಳು. ಶೀಟಿನ ಮೇಲೆ ಶೀಟು ಬರುವ ಕಡೆ ಮೇಲಿನದರ ಅಂಚು ಸಮುದ್ರದ ಕಡೆಗೆ ಬಾಯಿ ತೆರೆದುಕೊಂಡಿತ್ತು. ಇದೇನು ಹೀಗೆ ಎಂದಳು. ಗಾಳಿಮಳೆ ಬರುವುದು ಆ ಕಡೆಯಿಂದ ತಾನೆ? ಅಂಚು ಗಾಳಿಗೆ ಬೆನ್ನು ಹಾಕಬೇಕು ಎಂದು ಕೇರಿಯ ಎಲ್ಲರಿಗೂ ಗೊತ್ತು.

ಅಳಿಯ ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡೇ ಹೇಳಿದ. ತನಗೂ ಗೊತ್ತು, ಮ್ಯಾನೇಜರ್‌ಗೆ ಹೇಳಿದ್ದೂ ಆಯಿತು. ಆದರೆ ಬಣ್ಣದವನು ಅಂಗಳದಲ್ಲಿ ಶೀಟು ಜೋಡಿಸಿಕೊಂಡು ಬರೆದದ್ದು ಹೀಗೆ. ಅಂಚು ತಿರುಗಿಸಿ ಜೋಡಿಸಿದರೆ ದೀರ್ಘ ಶೀಟಿನ ಅಡಿಗೆ ಹೋಗುತ್ತದೆ. ಅಂಚು ಹೇಗಾದರೂ ಇರಲಿ, ಅಕ್ಷರ ಕಾಣಲಿ ಅಂದರು, ಅತ್ತೆ, ಎಂದ.

ಅತ್ತ ವಾರಗಿತ್ತಿಯ ಮನೆಯಲ್ಲೂ ಅದೇ ಕಥೆ. ಸೂರಿನ ಎರಡು ಇಳಿಜಾರು ಕೂಡುವ ನೆತ್ತಿಗೆ ಅಗಲವಾದ ತಗಡು ಹೊದಿಸಬೇಕು. ಹೊದಿಸಿದರೆ ‘ನಿ’ಯ ಗುಡಿಸು ಮುಚ್ಚಿಹೋಗುತ್ತದೆ. ಅದಕ್ಕೆ ಕತ್ತರಿಸಿ ಕತ್ತರಿಸಿ ಪಟ್ಟಿಯಷ್ಟು ಮಾಡಿ ಹೊದಿಸಿದರು. ಗುಡಿಸು ಕಂಡಿತು. ನೆತ್ತಿ ಬಾಯಿ ಬಿಟ್ಟಿತು.

ಮಳೆ ಬಂತು. ಆ ಕಡೆಯ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ನುಗ್ಗುತ್ತದೆ. ತಗಡಿನ ಮೇಲೆ ಅದರ ಸದ್ದಿಗೆ ಒಳಗೆ ಮಾತಾಡಿದರೆ ತುಟಿ ಮಾತ್ರ ಕಾಣುತ್ತಿತ್ತು. ಸದ್ದು ಹಾಳಾಗಿ ಹೋಗಲಿ. ತೆರೆದ ಅಂಚಿನಲ್ಲಿ ಗಾಳಿ ನೀರನ್ನು ಒಳಗೆ ತಳ್ಳಿತು. ದೀರ್ಘ ಮೇಲೆ ಹೇಗೆ ಉದ್ದಕ್ಕೆ ಎಳೆದಿತ್ತೋ ಕೆಳಗೆ ನೆಲದ ಮೇಲೂ ಹಾಗೇ ಉದ್ದಕ್ಕೆ ನೀರಿನ ಗೆರೆ ಬಿತ್ತು. ಗುಡಿಸಲು ಎರಡು ಭಾಗವಾಯಿತು. ಮಗಳು ಹೊಟ್ಟೆ ಹಿಡಿದುಕೊಂಡು ಒಂದು ಮೂಲೆಗೆ ಸರಿದಳು. ಆ ಮೂಲೆಗೆ ಸಿಡಿಯುತ್ತಿತ್ತು. ಇನ್ನೊಂದು ಮೂಲೆಗೆ ಸರಿದಳು. ಅಲ್ಲಿ ಒಲೆಯಿತ್ತು.

ಐಸಕ್ಕ ದೋಣಿಕಟ್ಟೆಯಿಂದ ಒಂದು ಡಬ್ಬ ಟಾರು ಬೇಡಿ ತಂದಳು. ಮಳೆ ಬಿಡುವು ಕೊಟ್ಟಾಗ ಮೇಲೆ ಹತ್ತಿ ಅಂಚಿನ ಉದ್ದಕ್ಕೂ ಮೆತ್ತಿದಳು. ಒಂದು ದಿನ ಒಳಗೆ ಒಣಗಿತು. ಮಗಳು ಕಾಲು ಚಾಚಿ ಮಲಗಿದಳು. ಮಾರನೇ ದಿನ ಮ್ಯಾನೇಜರ್ ಅಳಿಯನಿಗೆ ಫೋನು ಮಾಡಿದ. ದೀರ್ಘದ ಮೇಲೆ ಕಪ್ಪು ಮಚ್ಚೆ ಕಾಣುತ್ತಿದೆ, ಅತಿಥಿಯೊಬ್ಬರು ಅದು ಸತ್ತ ಕಾಗೆಯೋ ಏನೋ ಅಂತ ಕೇಳಿದರು, ಮೆತ್ತಿದವಳ ಕೈಯಲ್ಲೇ ತೆಗೆಸು ಎಂದ.

ಅವತ್ತು ಬಿಸಿಲು ಬಿದ್ದಿತ್ತು. ತಗಡು ಕಾದ ಹೆಂಚು. ಐಸಕ್ಕ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಮೊಣಕಾಲು ಊರಿ, ಸೀಮೆಎಣ್ಣೆಯ ಚಿಂದಿಯಿಂದ ಟಾರು ಉಜ್ಜಿದಳು. ಮೊಣಕಾಲಿನ ಚರ್ಮ ಸುಟ್ಟಿತು. ಅಂಗೈಯ ಹಳೆಯ ಐಸಿನ ಬಿರುಕುಗಳೊಳಗೆ ಎಣ್ಣೆ ಇಳಿದು ಉರಿಯಿತು. ಮ್ಯಾನೇಜರ್ ತಾರಸಿಯಲ್ಲಿ ದುರ್ಬೀನು ಹಿಡಿದು ನಿಂತಿದ್ದ. ಅವನು ಫೋನಿನಲ್ಲಿ ಹೇಳುವುದು, ಅಳಿಯ ಏಣಿಯ ಬುಡದಲ್ಲಿ ಕೇಳಿಸಿಕೊಂಡು ಮೇಲಕ್ಕೆ ಕೂಗುವುದು. ಸ್ವಲ್ಪ ಎಡಕ್ಕಂತೆ ಅತ್ತೆ. ಇನ್ನೂ ಮೇಲಂತೆ ಅತ್ತೆ. ಅಲ್ಲೊಂದು ಚುಕ್ಕೆ ಉಳಿದಿದೆಯಂತೆ ಅತ್ತೆ. ತಾರಸಿಯ ಮೇಲೆ ಯಾರೋ ಅವಳತ್ತ ಕೈ ಬೀಸಿ ಫೋಟೋ ತೆಗೆದರು. ಐಸಕ್ಕನಿಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ಅದೇ ಅವಳನ್ನು ಆಮೇಲೆ ಹೆಚ್ಚು ಸುಟ್ಟಿದ್ದು. ತನ್ನ ಮನೆ ಸೋರದಂತೆ ಮಾಡಿದ್ದಕ್ಕೆ ತಾನೇ ಕಳ್ಳಿಯ ಹಾಗೆ ನಾಚಿಕೊಂಡಿದ್ದೆನಲ್ಲ ಎಂದು.

ಕೆಳಗಿಳಿಯುವ ಮುನ್ನ ಅವಳು ಹಿಂದೆ ತಿರುಗಿ ನೋಡಿದಳು. ಹಿಂದಿನ ಸಾಲು ಮೊದಲ ಸಲ ಮೇಲಿನಿಂದ ಕಂಡಿತು. ಪ್ಲಾಸ್ಟಿಕ್ಕು, ಗೋಣಿ, ಟೈರು. ಒಂದು ಸೂರಿನ ತೂತಿನಲ್ಲಿ ಒಬ್ಬ ಮುದುಕಿ ಮೇಲಕ್ಕೆ ಮುಖ ಮಾಡಿ ಕೂತಿದ್ದಳು. ಇವಳನ್ನು ನೋಡಿ ನಕ್ಕಳು. ಅಕ್ಷರದವರ ಪಾಡೇ ಹೀಗಾದರೆ ನಮ್ಮದು ಬಿಡು ಎನ್ನುವ ಹಾಗಿತ್ತು ಆ ನಗು.

ಅದೇ ವಾರ ಮಗು ಹುಟ್ಟಿತು. ಹೆಣ್ಣು. ಕೂದಲು ತುಂಬಾ ಇತ್ತು, ಮೈ ತುಂಬಾ ಸಣ್ಣದಿತ್ತು. ಬಟ್ಟೆಯ ತೊಟ್ಟಿಲನ್ನು ಎಲ್ಲಿ ಕಟ್ಟಿದರೂ ತಳ ಒದ್ದೆಯಾಗುತ್ತಿತ್ತು. ಐಸಕ್ಕ ತೊಟ್ಟಿಲಿನ ಮೇಲೆ ಪ್ಲಾಸ್ಟಿಕ್ಕು ಹಿಡಿದುಕೊಂಡು ಕೂರುತ್ತಿದ್ದಳು, ಅವಳು ಕೆಲಸಕ್ಕೆ ಹೋದಾಗ ಹಸಿ ಬಾಣಂತಿ ಹಿಡಿದುಕೊಂಡು ಕೂರುತ್ತಿದ್ದಳು. ಮಗುವಿಗೆ ಕೆಮ್ಮು ಹಿಡಿಯಿತು. ಎದೆಯಲ್ಲಿ ಗೊರಗೊರ ಸದ್ದು. ಆಸ್ಪತ್ರೆಯ ನರ್ಸಮ್ಮ ಔಷಧಿ ಕೊಟ್ಟು, ಔಷಧಿಗಿಂತ ಮೊದಲು ಮಗುವನ್ನು ಒಣಗಿದ ಕಡೆ ಇಡಿ, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದಳು.

ಐಸಕ್ಕ ಗುಡ್ಡ ಹತ್ತಿದಳು. ಹೋಟೆಲಿನ ಹಿಂಬಾಗಿಲಲ್ಲಿ, ಮುಸುರೆಯ ಡ್ರಮ್ಮುಗಳ ಪಕ್ಕ, ಮ್ಯಾನೇಜರ್ ಬರುವ ತನಕ ನಿಂತಳು. ಶೀಟಿನ ಅಂಚು ತಿರುಗಿಸಿ ಹಾಕಲು ಅಪ್ಪಣೆ ಬೇಕು ಎಂದಳು. ತನ್ನ ಕೈಯಿಂದಲೇ ಹಾಕಿಕೊಳ್ಳುತ್ತೇನೆ, ಹೋಟೆಲಿಗೆ ಖರ್ಚಿಲ್ಲ ಎಂದಳು. ಮ್ಯಾನೇಜರ್‌ಗೆ ಆ ದಿನ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಮಾರನೇ ದಿನ ಮಧ್ಯಾಹ್ನ ಸಮಾರಂಭ. ದೊಡ್ಡ ಅತಿಥಿಯೊಬ್ಬರು ಬಂದು ತಾರಸಿಯಿಂದ ಸೂರುಗಳನ್ನು ನೋಡಿ ನಾಲ್ಕು ಮಾತಾಡುವವರಿದ್ದರು.

“ಸಮಾರಂಭ ಆಗೋವರೆಗೂ ದೀರ್ಘಕ್ಕೆ ಕೈ ಹಚ್ಚೋ ಹಾಗಿಲ್ಲ. ಆಮೇಲೂ ಧಣಿಗಳನ್ನು ಕೇಳಬೇಕು,” ಎಂದ.

“ಮಗು ಅಲ್ಲೀವರೆಗೂ ತಡೆಯಲ್ಲ ಸಾರ್.”

“ಬೇರೆ ಕಡೆ ಇಡು. ಹಿಂದಿನ ಸಾಲಲ್ಲಿ ಜನ ಪ್ಲಾಸ್ಟಿಕ್ ಕೆಳಗೆ ಬದುಕ್ತಾ ಇಲ್ವಾ? ನಿನಗೆ ತಗಡು ಕೊಟ್ಟಿದ್ದೇ ತಪ್ಪಾಯ್ತು ನೋಡು. ಕೊಟ್ಟಷ್ಟೂ ಬಾಯಿ.”

ಐಸಕ್ಕ ಮುಸುರೆಯ ಡ್ರಮ್ಮುಗಳನ್ನು ದಾಟಿ ಹೊರಟಳು. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಇಳಿದಳು. ಮನೆಗೆ ಬಂದಾಗ ಮಗು ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿತ್ತು. ಅದರ ಕಿವಿಯೊಳಗೆ ಒಂದು ಹನಿ ನೀರು ನಿಂತಿತ್ತು. ಐಸಕ್ಕ ಸೆರಗಿನ ತುದಿಯನ್ನು ಸುರುಳಿ ಮಾಡಿ ಆ ಹನಿಯನ್ನು ತೆಗೆದಳು. ಸೆರಗೂ ಒದ್ದೆಯಾಗಿತ್ತು. ಒರೆಸಲು ಮನೆಯಲ್ಲಿ ಒಂದು ಒಣಬಟ್ಟೆ ಇರಲಿಲ್ಲ. ಅಷ್ಟೇ. ಅದಕ್ಕಿಂತ ದೊಡ್ಡದೇನೂ ಆಗಲಿಲ್ಲ. ಅವಳ ತಾಳ್ಮೆ ಮುಗಿದದ್ದು ಆ ಹನಿಯಲ್ಲಿ.

ಬೆಳಕು ಹರಿಯುತ್ತಿದ್ದಂತೆ ಮಳೆ ನಿಂತು ದಟ್ಟ ಮಬ್ಬು ಇಳಿದಿತ್ತು. ಗುಡ್ಡ ಕಾಣುತ್ತಿರಲಿಲ್ಲ. ಐಸಕ್ಕ ಶೆಡ್ಡಿಗೆ ಹೋಗಿ ಅಳಿಯನನ್ನು ಎಬ್ಬಿಸಿ ಸ್ಪ್ಯಾನರ್ ಕೇಳಿದಳು. ಅವನಿಗೆ ಅರ್ಥವಾಯಿತು. ಕೆಲಸ ಹೋಗುತ್ತೆ ಅತ್ತೆ, ಈ ಊರಲ್ಲಿ ಇನ್ನು ಯಾರೂ ಕರೆಯಲ್ಲ ಎಂದ.

“ನಿಮ್ಮನ್ನ ಹತ್ತಿ ಅಂದೆನಾ? ಸ್ಪ್ಯಾನರ್ ಕೊಡಿ ಅಂದೆ.”

ಕೊಟ್ಟ. ಅವಳು ಏಣಿ ಹಾಕಿ ಹತ್ತಿದಳು. ಒದ್ದೆ ತಗಡಿನ ಮೇಲೆ ಕಾಲು ಜಾರುತ್ತಿತ್ತು, ಶೀಟಿನ ಅಲೆಯಂಥ ಉಬ್ಬು ಹಿಡಿದುಕೊಂಡು ತೆವಳಿದಳು. ಉಪ್ಪು ಕಚ್ಚಿದ ಸ್ಕ್ರೂ ಒಂದೂ ಸಲೀಸಾಗಿ ಬರಲಿಲ್ಲ. ಸಭೆಯಲ್ಲಿ ತುಕ್ಕು ಹಿಡಿಯದ ಸ್ಕ್ರೂ ಕೇಳಿದ್ದವಳ ನೆನಪಾಗಿ ನಗು ಬಂತು. ಐಸಿನ ದಿಮ್ಮಿ ಎಳೆದ ತೋಳು, ಇಡೀ ಮೈಭಾರ ಹಾಕಿ ತಿರುಗಿಸಿದಳು. ಬಂತು. ಇನ್ನೊಂದಕ್ಕೆ ಹೋಗುವಾಗ ಏಣಿ ಅಲುಗಿತು. ಅಳಿಯ ಹತ್ತಿ ಬರುತ್ತಿದ್ದ.

“ನನ್ನ ಮಗಳು ಅತ್ತೆ ಅದು,” ಎಂದ. ಹುಟ್ಟಿದಾಗಿನಿಂದ ಅವನ ಬಾಯಿಂದ ಬಂದ ಬಂಡಾಯದ ಮಾತು ಅದೊಂದೇ ಇರಬೇಕು.

ಇಬ್ಬರೂ ಶೀಟುಗಳನ್ನು ಬಿಚ್ಚಿ, ಈ ಸಲ ಸಮುದ್ರದಿಂದ ದೂರದ ಕಡೆಯಿಂದ ಶುರು ಮಾಡಿ, ಸಮುದ್ರದ ಕಡೆಯ ಶೀಟು ಮೇಲೆ ಬರುವ ಹಾಗೆ ಜೋಡಿಸಿದರು. ಒಂದು ಉಬ್ಬು ಸಾಲದು ಎಂದು ಎರಡು ಉಬ್ಬಿನಷ್ಟು ಒಂದರೊಳಗೊಂದು ಕೂರಿಸಿದರು. ಕಡಿಮೆ ಬಿದ್ದ ತುದಿಗೆ ಹಳೆಯ ತುಕ್ಕು ಶೀಟನ್ನೇ ಹೊಂದಿಸಿದರು. ಬಣ್ಣದವನ ಸಣಕಲು ದೀರ್ಘ ಮೇಲಿನ ಶೀಟಿನ ಅಡಿಗೆ ಹೋಗಿ ತೆಪ್ಪಗೆ ಮಲಗಿತು. ಅಕ್ಷರ ಒಡೆಯಬೇಕೆಂದು ಐಸಕ್ಕನಿಗೆ ಹಟವೇನೂ ಇರಲಿಲ್ಲ. ಅವಳಿಗೆ ಅಕ್ಷರವೇ ಬಾರದು. ಅಂಚು ಗಾಳಿಗೆ ಬೆನ್ನು ಹಾಕಿತು, ಅವಳಿಗೆ ಬೇಕಾಗಿದ್ದು ಅಷ್ಟೆ.

ಸದ್ದಿಗೆ ವಾರಗಿತ್ತಿ ಹೊರಗೆ ಬಂದಳು. ನಡುವಿನ ದೀರ್ಘ ತೆಗೆದರೆ ನನ್ನ ಅಕ್ಷರದ ಗತಿಯೇನೇ ಎಂದು ಸೊಂಟದ ಮೇಲೆ ಕೈ ಇಟ್ಟುಕೊಂಡಳು. ಐಸಕ್ಕ ಇನ್ನೊಂದು ಸ್ಕ್ರೂ ಬಿಗಿದಳು. ವಾರಗಿತ್ತಿ ತನ್ನ ಸೂರಿನ ನೆತ್ತಿಯನ್ನೊಮ್ಮೆ ನೋಡಿದಳು. ಒಳಗೆ ಹೋದಳು. ಎಣ್ಣೆಯ ಡ್ರಮ್ಮು ಬಿಚ್ಚಿ ಹಾಸಿದ್ದ ಒಂದು ಅಗಲವಾದ ತಗಡನ್ನು ಎಳೆದುಕೊಂಡು ಬಂದು ಏಣಿಗೆ ಒರಗಿಸಿದಳು.

“ನಿಮ್ಮದು ಮುಗಿದ ಮೇಲೆ ನನ್ನ ನೆತ್ತಿಗೂ ಇದನ್ನ ಹೊದಿಸಿ. ಮಳೆ ಶುರುವಾದಾಗಿಂದ ಎದೆ ಮೇಲೆ ಪಾತ್ರೆ ಇಟ್ಕೊಂಡು ಮಲಗ್ತಾ ಇದ್ದೀನಿ ಕಣೇ. ಹೇಳಿದ್ರೆ ನೀನು ನಗ್ತೀಯ ಅಂತ ಸುಮ್ಮನಿದ್ದೆ.”

ಐಸಕ್ಕ ನಕ್ಕಳು. ಆಮೇಲೆ ಹೊದಿಸಿದರು. ಗುಡಿಸು ಮುಚ್ಚಿಹೋಯಿತು.

ಮಧ್ಯಾಹ್ನದ ತನಕ ಮಬ್ಬು ಕರಗಲಿಲ್ಲ. ತಾರಸಿಯಲ್ಲಿ ಹೂವು ಕಟ್ಟಿದರು, ಕುರ್ಚಿ ಹಾಕಿದರು, ಕೆಳಗಿನವರಿಗೂ ಕೇಳಲಿ ಎಂದು ಧ್ವನಿವರ್ಧಕದ ಬಾಯಿಯನ್ನು ಕೇರಿಯ ಕಡೆಗೇ ತಿರುಗಿಸಿದರು. ದೊಡ್ಡ ಅತಿಥಿ ಬಂದರು. ಧಣಿಗಳು ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಮಾತಾಡಿದರು. ನಾನು ಬೇಡ ಬೇಡ ಅಂದೆ, ಆ ಬಡವರೇ ಪ್ರೀತಿಯಿಂದ ನನ್ನ ಬಗ್ಗೆ ಒಂದು ಮಾತು ಬರೆದುಕೊಂಡಿದ್ದಾರೆ, ದೊಡ್ಡವರು ಅದನ್ನು ತಮ್ಮ ಬಾಯಿಂದ ಓದಬೇಕು ಎಂದರು. ಅಷ್ಟರಲ್ಲಿ ಗಾಳಿ ಬೀಸಿ ಮಬ್ಬು ಸರಿಯಿತು. ಅತಿಥಿ ಕನ್ನಡಕ ಸರಿಮಾಡಿಕೊಂಡು ಮೈಕಿನ ಹತ್ತಿರ ಬಂದು ಒಂದೊಂದೇ ಅಕ್ಷರ ಓದಿದರು.

“ಮ... ಹಾ... ದ... ನ.”

ಧಣಿಗಳು ಕೈ ಮುಗಿದು ತಲೆ ಬಾಗಿಸಿದರು. ಅತಿಥಿಗೆ ಅನುಮಾನ ಬಂದಿರಬೇಕು, ಇನ್ನೊಂದು ಸಲ ಒಟ್ಟಿಗೆ ಓದಿದರು. “ಮಹಾ ದನ.” ಧ್ವನಿವರ್ಧಕ ಅದನ್ನು ಚಾಚೂ ತಪ್ಪದೆ ಕೇರಿಗೆ, ದೋಣಿಕಟ್ಟೆಗೆ, ಐಸಿನ ಕಾರ್ಖಾನೆಗೆ ಮುಟ್ಟಿಸಿತು. ಧಣಿಗಳು ಬಾಗಿದ ತಲೆ ಎತ್ತುವ ಮೊದಲೇ ಹಿಂದಿನ ಸಾಲಿನಿಂದ ಒಂದು ನಗು ಎದ್ದಿತು. ಆ ಮುದುಕಿಯದು. ಆಮೇಲೆ ಯಾರ ನಗು ಯಾರದೆಂದು ಗೊತ್ತಾಗಲಿಲ್ಲ. ಮೀನಿನ ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿ ನಕ್ಕರು.

ಮ್ಯಾನೇಜರ್ ಗುಡ್ಡದಿಂದ ಉರುಳಿಕೊಂಡೇ ಬಂದನೇನೋ, ಪ್ಯಾಂಟಿನ ಹಿಂಬದಿಯೆಲ್ಲ ಕೆಸರಾಗಿತ್ತು. ಹಿಂದೆ ಬಣ್ಣದವನು ಡಬ್ಬ ಹಿಡಿದುಕೊಂಡು ಓಡಿಬಂದ. ಮಳೆ ಮತ್ತೆ ಶುರುವಾಗಿತ್ತು. ಐಸಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಒಳಗೆ, ಮನೆಯ ನಟ್ಟನಡುವೆ, ದೀರ್ಘದ ಗೆರೆ ಬೀಳುತ್ತಿದ್ದ ಕಡೆಯೇ ತೊಟ್ಟಿಲು ಕಟ್ಟಿತ್ತು.

ಯಾರು ಹತ್ತಿದ್ದು ಎಂದು ಅವನು ಕಿರುಚಿದ.

“ನಾನು. ಮೆಲ್ಲಗೆ ಮಾತಾಡಿ, ಮಗು ಮಲಗಿದೆ.”

ಸಾರ್ ಎನ್ನುವುದನ್ನು ಅವಳು ಬಿಟ್ಟಿದ್ದಳು. ಮ್ಯಾನೇಜರ್‌ಗೆ ಅದು ಮಳೆಗಿಂತ ಜೋರಾಗಿ ತಾಗಿತು. ಅಳಿಯ ಮುಂದೆ ಬಂದು ನಾನೂ ಹತ್ತಿದ್ದೆ ಎಂದ. ವಾರಗಿತ್ತಿ ತನ್ನ ಮನೆಯಿಂದಲೇ, ಗುಡಿಸು ಮುಚ್ಚಿದ್ದು ನಾನು, ಅದನ್ನು ಬೇರೆ ಯಾರೂ ತಮ್ಮ ಹೆಸರಿಗೆ ಹಾಕಿಕೊಳ್ಳಬೇಡಿ ಎಂದು ಹೇಳಿದಳು.

ತಗಡು ಹೋಟೆಲಿನದು, ಈಗಲೇ ಎಲ್ಲ ಕಿತ್ತು ಒಯ್ಯುತ್ತೇನೆ ಎಂದ ಮ್ಯಾನೇಜರ್. ಐಸಕ್ಕ ಎದ್ದು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

“ಕೀಳಿ. ಮೇಲೆ ಎಲ್ಲರೂ ನೋಡ್ತಾ ಇದ್ದಾರೆ. ಬಾಣಂತಿ ತಲೆ ಮೇಲಿಂದ ಸೂರು ಕೀಳೋದನ್ನೂ ನೋಡಲಿ. ಅದನ್ನೂ ಮೈಕಲ್ಲಿ ಓದಿ ಹೇಳಲಿ.”

ಅವನು ಗುಡ್ಡದ ಕಡೆ ನೋಡಿದ. ತಾರಸಿಯ ಕಂಬಿಗೆ ಒತ್ತಿಕೊಂಡು ಅತಿಥಿಗಳು ಸಾಲಾಗಿ ನಿಂತಿದ್ದರು. ಕೈಯಲ್ಲೆಲ್ಲ ಫೋನು. ಹಿಂದಿನ ಸಾಲಿನ ಜನ ಒಬ್ಬೊಬ್ಬರೇ ಬಂದು ಐಸಕ್ಕನ ಅಂಗಳದಲ್ಲಿ ನೆನೆಯುತ್ತ ನಿಂತರು. ಅವರಿಗೆ ನೆನೆಯುವುದು ಹೊಸದಲ್ಲ. ಮ್ಯಾನೇಜರ್‌ಗೆ ಹೊಸದು. ಅವನು ಬಣ್ಣದವನತ್ತ ತಿರುಗಿ, ಹತ್ತು, ದೀರ್ಘ ಎಳೆ, ಗುಡಿಸು ಹಾಕು ಎಂದ. ಬಣ್ಣದವನು ಸೂರಿನ ಅಂಚಿನಲ್ಲಿ ಬೆರಳಾಡಿಸಿ ಬೆರಳು ತೋರಿಸಿದ. ಒದ್ದೆ ತಗಡಿಗೆ ಬಣ್ಣ ಹಿಡಿಯುವುದಿಲ್ಲ, ಮಳೆಗಾಲ ಮುಗಿದು ಬಿಸಿಲು ಕಾಯಬೇಕು ಎಂದ.

ಮಳೆಗಾಲ ಇನ್ನೂ ಅರ್ಧ ಬಾಕಿಯಿತ್ತು. ಮ್ಯಾನೇಜರ್ ಆಕಾಶ ನೋಡಿದ. ಆಕಾಶ ಅವನ ಮುಖಕ್ಕೇ ಸುರಿಯಿತು. ಅವನ ದನಿ ಇಳಿಯಿತು. ಹುಟ್ಟಿದಾರಭ್ಯ ಕೇರಿಯ ಯಾರನ್ನೂ ಹಾಗೆ ಕರೆಯದವನು, ಅಕ್ಕಾ ಎಂದ. ಬಿಸಿಲು ಬಿದ್ದ ಮೇಲಾದರೂ ಬಣ್ಣದವನನ್ನು ಹತ್ತಲು ಬಿಡು ಅಕ್ಕಾ ಎಂದ.

“ಹಿಂದಿನ ಸಾಲಿಗೆಲ್ಲ ತಗಡು ಬರಲಿ. ದಪ್ಪದ್ದು. ಅಂಚು ಗಾಳಿಗೆ ಬೆನ್ನು ಹಾಕಿರಬೇಕು. ಆಮೇಲೆ ಏಣಿ ಕೊಡೋ ವಿಚಾರ ನೋಡೋಣ.”

“ಅಲ್ಲೀವರೆಗೆ?”

ಐಸಕ್ಕ ಗೋಡೆಗೆ ಒರಗಿಸಿದ್ದ ಏಣಿಯನ್ನು ಎತ್ತಿ, ಮಗುವಿಗೆ ತಾಗದಂತೆ ಮೆಲ್ಲಗೆ ಒಳಗೆಳೆದುಕೊಂಡಳು.

“ಅಲ್ಲೀವರೆಗೆ ದನ,” ಎಂದು ಬಾಗಿಲು ಹಾಕಿದಳು.